ಸೇತುವೆ ಕೆಳಗಿನ ಬಾಟಲಿ

ಊರವರು ಬಾಟಲಿ ಅಕ್ಕ ಅಂತ ಕರೆಯುವವಳ ಬೆರಳ ಸಂದಿಯ ಹುಣ್ಣು ಮಾಯುವುದೇ ಇಲ್ಲ. ಮಾಯುವುದಾದರೂ ಹೇಗೆ? ವಾರಕ್ಕೆರಡು ಸಲ ಹಳ್ಳದ ನೊರೆ ನೀರಿನಲ್ಲಿ ಮೊಣಕೈವರೆಗೆ ಕೈಯಿಟ್ಟು ಬಾಟಲಿ ತುಂಬಬೇಕು. ಜಾಗ, ತಾರೀಖು ಬರೆದ ಚೀಟಿ ಅಂಟಿಸಿ, ಸಹಿ ಹಾಕಿ, ನೀರು ಪರೀಕ್ಷೆ ಕಚೇರಿಯ ಜೀಪಿಗೆ ಕೊಡಬೇಕು. ಆರು ವರ್ಷದಿಂದ ಅವಳಿಗೆ ಇದೇ ದಿನಗೂಲಿ.

ಮೊದಲ ದಿನವೇ ಅವಳು ಕಚೇರಿಯ ಸಾಹೇಬರನ್ನು ಕೇಳಿದ್ದಳು.

"ಸಾಹೇಬ್ರೇ, ಧಣಿಗಳ ಐನೂರು ಹಸುವಿನ ಕೊಟ್ಟಿಗೆ ಹಳ್ಳದ ಮೇಲ್ಗಡೆ ಇದೆ. ಗಂಜಲವೆಲ್ಲ ಪೈಪಲ್ಲಿ ಹಳ್ಳಕ್ಕೆ ಬೀಳೋದು ಅಲ್ಲೇ. ಅಲ್ಲಿ ತುಂಬ್ಲಾ?"

"ಅಲ್ಲಿಗೆ ಜೀಪು ಹತ್ತಲ್ಲಮ್ಮ. ಸೇತುವೆ ಕೆಳಗೇ ತುಂಬು. ಎಲ್ಲಿ ತುಂಬಿದ್ರೂ ನೀರು ನೀರೇ ತಾನೆ?"

ಅವಳು ಸೇತುವೆ ಕೆಳಗೇ ತುಂಬಿದಳು. ಕೂಲಿಯವಳು ಇನ್ನೆಷ್ಟು ವಾದ ಮಾಡಿಯಾಳು!

ಈಗ ನೋಟಿಸು ಬಂದಿದೆ. ಹಳ್ಳ ಕೆಟ್ಟಿರುವುದು ಸೇತುವೆಯ ಬಳಿಯಂತೆ, ಅದೂ ಹೊಲಗಳ ಗೊಬ್ಬರದಿಂದಂತೆ. ಅಲ್ಲಿಂದ ಇನ್ನೂರು ಮೀಟರ್ ಒಳಗಿನವರು ಹದಿನೈದು ದಿನದಲ್ಲಿ ಬೇಸಾಯ ನಿಲ್ಲಿಸಬೇಕಂತೆ. ಒಳಗಿರುವುದು ಸೊಪ್ಪು ಬೆಳೆಯುವ ಹನ್ನೊಂದು ತುಂಡು ಹೊಲ. ಅದರಲ್ಲೊಂದು ಅವಳ ತಮ್ಮನದು, ಮನೆಮಂದಿಯ ಹೊಟ್ಟೆಗೆ ಇರುವುದು ಅದೊಂದೇ. ಎರಡು ಕಿಲೋಮೀಟರ್ ಆಚೆಗಿನ ಕೊಟ್ಟಿಗೆಯ ಹತ್ತಿರಕ್ಕೂ ನೋಟಿಸಿನ ಜೊತೆಗಿದ್ದ ನಕ್ಷೆಯ ಗೆರೆ ಸುಳಿದಿಲ್ಲ.

ವಿಚಾರಣೆಯ ದಿನ ಸಾಹೇಬರ ಮೇಜಿನ ಮುಂದೆ ನಿಂತು ತಮ್ಮ ಗೋಗರೆದ. "ಗೊಬ್ಬರ ಕೊಳ್ಳೋಕೇ ಗತಿಯಿಲ್ಲ ಸ್ವಾಮಿ, ಹಳ್ಳಕ್ಕೆ ಎಲ್ಲಿಂದ ತಂದು ಸುರೀಲಿ?"

ಸಾಹೇಬರು ಚೀಟಿಗಳ ಕಂತೆಯನ್ನು ಅವನತ್ತ ತಳ್ಳಿದರು. "ನಾನೇನೂ ಹೇಳ್ತಿಲ್ಲಪ್ಪ. ಅಂಕಿ ಅಂಶ ಹೇಳ್ತಿದೆ. ಸಹಿ ಯಾರದು, ನೀನೇ ನೋಡು."

ತಮ್ಮ ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ. ಅವಳಿಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು. ಅಂದು ಬೆಳಿಗ್ಗೆ ಪೈಪಿನ ಬಾಯಲ್ಲೇ ತುಂಬಿ ತಂದಿದ್ದ ಬಾಟಲಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನೂ ಪರೀಕ್ಷೆ ಮಾಡಿ."

"ಆ ಜಾಗ ನಕ್ಷೆಯಲ್ಲೇ ಇಲ್ಲಮ್ಮ."

"ಸೇರಿಸಿ."

"ಸೇರಿಸ್ಬೇಕಂದ್ರೆ ಐದು ವರ್ಷದ ಬಾಟಲಿ ಬೇಕು. ನಿಯಮ."

"ಹೊಲ ಬಿಡೋಕೆ ಹದಿನೈದು ದಿನ, ಪೈಪು ನೋಡೋಕೆ ಐದು ವರ್ಷಾನಾ?"

"ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಖಾಲಿ ಚೀಟಿಯೊಂದನ್ನು ಎಳೆದುಕೊಂಡು, ಹುಣ್ಣಾದ ಬೆರಳಲ್ಲೇ ಪೆನ್ನು ಹಿಡಿದು ಬರೆದಳು: ಧಣಿಯ ಪೈಪಿನ ಬಾಯಿ. ಒಂದನೇ ಬಾಟಲಿ. ಸಹಿ ಹಾಕಿ ಅಂಟಿಸಿದಳು.

ಸಾಹೇಬರು ಅದನ್ನು ಮುಟ್ಟಲಿಲ್ಲ.

"ಎರಡನೇದು ನಾನು ತುಂಬ್ತೀನಕ್ಕ," ಅಂದ ತಮ್ಮ.

"ಮೂರನೇದು ನಂದು," ಅಂತ ಬಾಗಿಲಿನಿಂದ ಇನ್ನೊಂದು ದನಿ ಬಂತು. ಉಳಿದ ಹೊಲದವರೂ ಒಬ್ಬೊಬ್ಬರಾಗಿ ಒಳಗೆ ಬಂದು ಮೇಜಿನ ಸುತ್ತ ನಿಂತರು.

ನೋಟಿಸಿನ ಹದಿನೈದು ದಿನಗಳಲ್ಲಿ ನಾಲ್ಕು ಆಗಲೇ ಕಳೆದಿದ್ದವು.