ಐರಣಿಗೆ ಬಂದ ಕಣ್ಣಿಲ್ಲದ ಚೆಲುವಿ

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಮ್ಮ ಊರುಗಳಲ್ಲಿ ನಾಯಿಗಳಿಗೇನೂ ಕೊರತೆಯಿಲ್ಲ. ಆದರೆ ಕಣ್ಣು ಹೋದ ನಾಯಿಗೆ ನಿಲ್ಲಲು ಒಂದು ಬಾಗಿಲಿಲ್ಲ. ಕಲ್ಲು ಇದೆ, ಬಡಿಗೆ ಇದೆ, ಪೇಟೆಯಲ್ಲಾದರೆ ವಿಷ ಬೆರೆಸಿದ ಉಂಡೆಯೂ ಇದೆ. ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಒಬ್ಬ ಹೆಣ್ಣುಮಗಳು ಅಂಥ ನಾಯಿಗೆ ಬಾಗಿಲು ತೆರೆದಳು. ಯಾರು ಎಷ್ಟು ಹೇಳಿದರೂ ಅದನ್ನು ಮತ್ತೆ ಮುಚ್ಚಲಿಲ್ಲ.

ಅವಳ ಹೆಸರು ಮಂಗಳವ್ವ. ಗಂಡ ಪರಮೇಶಪ್ಪ ಕಂಬಳಿ ನೇಯುವವನು. ಮಾವ ಹೊಳಿಯಪ್ಪ ಮೈಲಾರಲಿಂಗನ ಗೊರವ. ಹಣೆಗೆ ಅರಿಶಿನದ ಭಂಡಾರ, ಮೈಮೇಲೆ ಕರಿ ಕಂಬಳಿ, ಕೈಯಲ್ಲಿ ಡಮರು. ಗೊರವರೆಂದರೆ ದೇವರ ನಾಯಿಗಳೆಂದೇ ನಮ್ಮವರ ನಂಬಿಕೆ. ಸೇವೆಯ ದಿನ ದೋಣಿ ಎಂಬ ಮರದ ಪಾತ್ರೆಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು ಹಾಕಿ ಕಂಬಳಿಯ ಮೇಲೆ ಇಡುತ್ತಾರೆ. ಗೊರವರು ಮಂಡಿಯೂರಿ, ನಾಯಿಯಂತೆ ಬೊಗಳಿ, ಬಾಯಿ ಹಾಕಿಯೇ ಉಣ್ಣುತ್ತಾರೆ. ನಾನು ಎಂಬುದನ್ನು ಕಳಚಿಡುವ ಸೇವೆ ಅದು. ಹೊಳಿಯಪ್ಪ ನಲವತ್ತು ವರ್ಷ ಅದನ್ನು ತಪ್ಪಿಸಿರಲಿಲ್ಲ.

ಒಂದು ದಿನ ಮಂಗಳವ್ವ ಕುರಿಮರಿಗೆ ಔಷಧಿ ತರಲು ರಾಣೆಬೆನ್ನೂರಿಗೆ ಹೋದಳು. ಅಲ್ಲಿ ದನದ ಸಂತೆಯ ಹಿಂದೆ ಶಮಶೇರಸಾಬ ಎಂಬವರು ತಗಡು ಹೊದಿಸಿದ ಒಂದು ಆಸರೆಮನೆ ನಡೆಸುತ್ತಿದ್ದರು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಬಿದ್ದ ನಾಯಿಗಳನ್ನು ತಂದು, ಗಾಯ ತೊಳೆದು, ಸಾಕುವವರಿಗೆ ಕೊಡುತ್ತಿದ್ದರು. ಮೂಲೆಯಲ್ಲಿ ಕಂದು ಬಣ್ಣದ ಒಂದು ಹೆಣ್ಣುನಾಯಿ ಗೋಡೆಗೆ ಮುಖ ಮಾಡಿ ಮಲಗಿತ್ತು.

"ಇದಕ್ಕೇನ ಆಗೇತ್ರಿ ಸಾಬ್ರ?"

"ಕಣ್ಣಿಗೆ ಹುಣ್ಣಾಗಿತ್ತವ್ವಾ. ಲಗೂನ ಯಾರರೆ ಔಷಧ ಹಾಕಿದ್ರ ಉಳೀತಿದ್ದವು. ಈಗ ಎರಡೂ ಇಲ್ಲ. ಇಬ್ಬರು ಒಯ್ದರು, ಇಬ್ಬರೂ ವಾಪಸ್ ತಂದು ಬಿಟ್ಟರು. ಎರಡನೇ ಸಲ ಬಂದಾಗ ನಾಕು ದಿನ ಒಂದು ತುತ್ತು ಮುಟ್ಟಲಿಲ್ಲ. ಇನ್ನೊಮ್ಮೆ ವಾಪಸ್ ಬಂದ್ರ ಇದು ಉಳಿಯಂಗಿಲ್ಲ. ಅದಕ್ಕ ನಾನ ಯಾರಿಗೂ ಕೊಡಾಕ ಒಲ್ಲೆ ಅಂತೇನಿ."

"ಹೆಸರೇನ್ರಿ?"

"ಚೆಲುವಿ."

ಹೆಸರು ಕೇಳಿ ನಾಯಿ ತಿರುಗಿತು. ಮಂಗಳವ್ವ ಚಾಚಿದ ಕೈಯನ್ನು ಮೂಸಿತು, ಬಹಳ ಹೊತ್ತು ಮೂಸಿತು. ಅವಳ ತಾಯಿಗೂ ಕಡೆಗಾಲದಲ್ಲಿ ಕಣ್ಣು ಹೋಗಿತ್ತು. ಮಗಳು ಬಂದಳೆಂದರೆ ಆಕೆಯೂ ಹೀಗೇ ಕೈ ಹಿಡಿದು ಗುರುತು ಮಾಡುತ್ತಿದ್ದಳು.

"ನನಗ ಕೊಡ್ರಿ ಸಾಬ್ರ. ವಾಪಸ್ ತರಂಗಿಲ್ಲ. ದೇವರ ಮ್ಯಾಲ ಆಣಿ ಇಡ್ತೇನಿ."

"ಆಣಿ ಬ್ಯಾಡವ್ವಾ, ನಾಕು ಮಾತು ನೆನಪಿಡು ಸಾಕು. ಇದರ ಕಣ್ಣು ಈಗ ಮೂಗಿನ್ಯಾಗ, ಕಿವ್ಯಾಗ ಐತಿ. ನೀರಿನ ಬೋಗುಣಿ, ಊಟದ ತಾಟು ಎಲ್ಲಿ ಇಡ್ತೀಯೋ ಅಲ್ಲೇ ಇಡು. ಮನಿಯಾಗಿನ ಸಾಮಾನು ಸರಸಬ್ಯಾಡ. ಮುಟ್ಟೂಕಿಂತ ಮೊದಲ ಹೆಸರು ಹಿಡದು ಕರಿ, ಇಲ್ಲಂದ್ರ ಬೆಚ್ಚಿ ಬೀಳತೈತಿ. ಹುಚ್ಚುನಾಯಿ ರೋಗದ ಲಸಿಕಿ ನಾ ಹಾಕೇನಿ. ವರ್ಷಾ ವರ್ಷಾ ಹಾಕಿಸು."

ಮಂಗಳವ್ವ ಚೆಲುವಿಯನ್ನು ಕರೆದುಕೊಂಡು ಐರಣಿಗೆ ಬಂದಾಗ ಮನೆಯ ಕಟ್ಟೆಯ ಮೇಲೆ ಹೊಳಿಯಪ್ಪ ಕೂತಿದ್ದ. ನೆರೆಮನೆಯ ಉಡಚವ್ವ ಆಗಲೇ ಓಡಿ ಬಂದಿದ್ದಳು.

"ಏ ಮಂಗಳಿ, ಊರಾಗ ಕಣ್ಣಿದ್ದ ನಾಯಿ ತೀರಿದ್ದುವೇನ? ದುಡ್ಡಿಲ್ಲದ ಸಿಕ್ತಂತ ಏನ ಬೇಕಾದ್ದು ತರೂದೇನ?"

"ಹೌದ ನೋಡಕ್ಕಾ. ದುಡ್ಡು ಕೊಟ್ಟು ನಿಮ್ಮ ಮನಿ ಗಡಿಯಾರ ತಂದೀರಿ, ಅದೂ ನಡಿಯಂಗಿಲ್ಲ."

ಹೊಳಿಯಪ್ಪ ನಗಲಿಲ್ಲ. "ಕುರುಡು ನಾಯಿ ಏನ ಕಾಯತೈತಿ? ಬರೂ ಐತವಾರ ನಮ್ಮನ್ಯಾಗ ದೋಣಿ ಸೇವಾ ಐತಿ. ಊರಿನ ಗೊರವರು ಬರ್ತಾರ. ಅಪಶಕುನ ತಂದು ಮುಂದ ನಿಲ್ಲಿಸೀದಿ. ಅಷ್ಟರಾಗ ವಾಪಸ್ ಬಿಟ್ಟು ಬಾ."

"ಕಾಯಾಕಂತ ತಂದಿಲ್ಲರಿ ಮಾವಾರ. ಬದಕಾಕ ತಂದೇನಿ. ವಾಪಸ್ ಬಿಟ್ರ ಅದು ಸಾಯತೈತಿ. ನಾ ಬಿಡಂಗಿಲ್ಲ."

ಪರಮೇಶಪ್ಪ ಮಗ್ಗದ ಗುಂಡಿಯಿಂದ ತಲೆ ಎತ್ತಿದ. ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಲಾಳಿ ತಳ್ಳಿದ.

ಚೆಲುವಿ ಮೊದಲ ದಿನ ಕಂಬಕ್ಕೆ ಹಾಯಿತು, ಗಂಜಿಯ ಗಡಿಗೆಗೆ ಹಾಯಿತು. ಎರಡನೆಯ ದಿನ ಮೂಗು ನೆಲಕ್ಕೆ ಹಚ್ಚಿ ಮೆಲ್ಲಗೆ ನಡೆಯಿತು. ನಾಲ್ಕನೆಯ ದಿನಕ್ಕೆ ಹೊಸ್ತಿಲು, ಮಗ್ಗದ ಗುಂಡಿ, ನೀರಿನ ಬೋಗುಣಿ ಎಲ್ಲವೂ ಅದಕ್ಕೆ ಬಾಯಿಪಾಠ. ಗುಂಡಿಯ ಅಂಚಿಗೆ ಬಂದು ನಿಂತು, ತಿರುಗಿ, ಸುತ್ತು ಹಾಕಿ ಹೋಗುತ್ತಿತ್ತು. ಹೊಳಿಯಪ್ಪ ಕಂಡೂ ಕಾಣದಂತೆ ಅದನ್ನು ನೋಡುತ್ತಿದ್ದ.

ಶನಿವಾರ ಮಂಗಳವ್ವ ಕಂಬಳಿ ಒಗೆಯಲು ಹೊಳೆಗೆ ಹೋದಳು. ಸೇವೆಗೆಂದು ಮಾವ, ಗಂಡ ಸೇರಿ ಮನೆ ಸಾರಿಸಿದರು. ಗಡಿಗೆ ಹೊರಗಿಟ್ಟರು, ಉಣ್ಣೆಯ ಚೀಲ ಬೋಗುಣಿಯ ಜಾಗಕ್ಕೆ ಒಟ್ಟಿದರು, ಬೋಗುಣಿ ಅಟ್ಟದ ಮೇಲೆ ಹೋಯಿತು. ಬಿಸಿಲು ಏರಿತು. ಬಾಯಾರಿದ ಚೆಲುವಿ ಎದ್ದು ದಿನದ ದಾರಿಯಲ್ಲಿ ನಡೆಯಿತು. ಎಲ್ಲಿ ನೀರಿರಬೇಕೋ ಅಲ್ಲಿ ಚೀಲವಿತ್ತು. ಅದು ಹೆದರಿತು. ಗೋಡೆಗೆ ಹಣೆ ಬಡಿದುಕೊಂಡಿತು. ಜೊಲ್ಲು ಸುರಿಸುತ್ತ, ಕೂಗುತ್ತ ಮನೆಯೊಳಗೆ ಸುತ್ತತೊಡಗಿತು.

"ಹುಚ್ಚು ಹಿಡದೈತಿ!" ಎಂದು ಉಡಚವ್ವ ಬಾಗಿಲಲ್ಲೇ ಚೀರಿದಳು. "ಕಚ್ಚಿದ್ರ ಹೊಟ್ಟಿಗೆ ಹದಿನಾಕು ಸೂಜಿ! ಬಡಿರಿ ಅದನ್ನ!"

ಓಣಿಯ ನಾಲ್ವರು ಬಡಿಗೆ ಹಿಡಿದು ಬಂದರು. ಹೊಳೆಯಿಂದ ಮರಳಿದ ಮಂಗಳವ್ವ ಹಸಿ ಕಂಬಳಿಯನ್ನು ನೆಲಕ್ಕೆ ಒಗೆದು ಬಾಗಿಲಿಗೆ ಅಡ್ಡ ನಿಂತಳು.

"ಮೊದಲ ನನ್ನ ಬಡಿರಿ! ಏನ ಹುಚ್ಚು? ಲಸಿಕಿ ಹಾಕಿಸಿದ ಚೀಟಿ ಐತಿ ನನ್ನ ಕಡೆ. ನಿಮ್ಮ ಓಣಿ ನಾಯಿಗೆ ಐತೇನ? ಅಂಜೂದಾದ್ರ ಅವಕ್ಕ ಅಂಜ್ರಿ!" ಎಂದವಳು ಒಳಗೆ ನೋಡಿದಳು. ಆಗ ತಿಳಿಯಿತು. "ಮಾವಾರ, ಇದರ ಊರನ್ನ ಕಿತ್ತು ಇಟ್ಟೀರಲ್ಲರಿ! ನಾಳೆ ಮುಂಜಾನೆ ಎದ್ದಾಗ ನಿಮ್ಮ ಹೊಳಿ ಇದ್ದಲ್ಲಿ ಗುಡ್ಡ ಇದ್ರ ನೀವು ಕೂಗಂಗಿಲ್ಲೇನ?"

ಅವಳು ಚೀಲ ಎಳೆದಳು. ಬೋಗುಣಿಯನ್ನು ಅದರ ಜಾಗಕ್ಕೆ ಇಟ್ಟು ನೀರು ತುಂಬಿದಳು. ದೂರದಿಂದಲೇ "ಚೆಲುವೀ" ಎಂದು ಕರೆದಳು. ನಾಯಿ ನಿಂತಿತು. ಕಿವಿ ನಿಮಿರಿಸಿತು. ನಡುಗುತ್ತ ನಡುಗುತ್ತ ಬಂದು ನೀರಿಗೆ ಬಾಯಿ ಹಾಕಿತು. ಬಡಿಗೆ ಹಿಡಿದವರು ಅದು ನೀರು ಕುಡಿದು ಮುಗಿಸುವ ತನಕ ನಿಂತು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಹೋದರು. ಹೊಳಿಯಪ್ಪ ಗಂಜಿಯ ಗಡಿಗೆಯನ್ನು ತಾನೇ ತಂದು ಹಳೆಯ ಜಾಗದಲ್ಲಿ ಇಟ್ಟ.

ಐತವಾರ ಗೊರವರು ಬಂದರು. ಎಲ್ಲರಿಗೂ ಹಿರಿಯ ಅಜ್ಜಪ್ಪ. ಅವನ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಕಂಬಳಿ ಹಾಸಿ ದೋಣಿ ತುಂಬಿದ್ದರು. ಉಡಚವ್ವ ಅವನ ಕಿವಿಯಲ್ಲಿ ವಿಷಯ ಹಾಕಿದಳು.

"ಹೊಳಿಯಪ್ಪ, ಕುರುಡು ಪ್ರಾಣಿ ಇದ್ದ ಮನ್ಯಾಗ ಸೇವಾ ಸಲ್ಲಂಗಿಲ್ಲ. ಹೊರಗ ಹಾಕು. ಇಲ್ಲಂದ್ರ ನಾವು ಏಳತೇವಿ," ಅಂದ ಅಜ್ಜಪ್ಪ.

ಮಂಗಳವ್ವ ಸೆರಗು ಬಿಗಿದಳು. "ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಇಲ್ಲೀತನಕ ಕೈ ಹಿಡದು ಕರಕೊಂಡು ಬಂದರು. ಕಣ್ಣು ಕಾಣಂಗಿಲ್ಲಂತ ನಿಮ್ಮನ್ನ ದೇವರು ಹೊರಗ ಹಾಕ್ಯಾನೇನ್ರಿ? ನಾಯಿ ಆಗಿ ಅವನ ಮುಂದ ಬೊಗಳತೀರಿ, ನಾಯಿ ಬಂದ್ರ ಬಾಗಲಾ ಹಾಕಂತೀರಿ. ಇದ್ಯಾವ ಸೇವಾರಿ?"

ಸೊಸೆ ಹಿರಿಯರಿಗೆ ಹೀಗೆ ಅಂದದ್ದು ಆ ಮನೆಯಲ್ಲಿ ಅದೇ ಮೊದಲು. ಎಲ್ಲರೂ ಹೊಳಿಯಪ್ಪನ ಕಡೆ ನೋಡಿದರು.

ಹೊಳಿಯಪ್ಪ ಹೆಗಲ ಕಂಬಳಿ ಸರಿಮಾಡಿಕೊಂಡ. "ನಾಯಿ ಹೋಗಂಗಿಲ್ಲ," ಅಂದ. "ನಲವತ್ತು ವರ್ಷ ನಾ ಬೊಗಳಿದ್ದು ಖರೇ ಆಗಬೇಕಂದ್ರ ಇದು ಇಲ್ಲೇ ಇರಬೇಕು. ಏಳವರು ಏಳ್ರಿ."

ಇಬ್ಬರು ಎದ್ದು ಹೋದರು. ಉಡಚವ್ವನೂ ಹೋದಳು. ಅಜ್ಜಪ್ಪ ಏಳಲಿಲ್ಲ.

ಹೊಳಿಯಪ್ಪ ಮಂಡಿಯೂರಿ, ಕಣ್ಣು ಮುಚ್ಚಿ, ದೇವರನ್ನು ನೆನೆದು ಬೊಗಳಿದ. ಮೂಲೆಯಲ್ಲಿದ್ದ ಚೆಲುವಿ ಎದ್ದು ನಿಂತಿತು. ಮಗ್ಗದ ಗುಂಡಿ ಬಳಸಿ, ಕಂಬ ಬಳಸಿ ನೆಟ್ಟಗೆ ಬಂದು ಅವನ ಪಕ್ಕದಲ್ಲಿ ಕೂತಿತು. ಮಂಗಳವ್ವ ಅದರ ತಾಟನ್ನು ತಂದಳು. ಹೊಳಿಯಪ್ಪ ದೋಣಿಗೆ ಬಾಯಿ ಹಾಕುವ ಮೊದಲು ಒಂದು ಬೊಗಸೆ ತೆಗೆದು ಆ ತಾಟಿಗೆ ಹಾಕಿದ.

ಅಜ್ಜಪ್ಪ ಕೈ ಚಾಚಿ ತಡವಿದ. ಅವನ ಬೆರಳಿಗೆ ಒದ್ದೆ ಮೂಗು ತಗಲಿತು.

"ಯಾರಲೇ ಇದು, ಬಾಜೂಕ?"

"ನಮ್ಮ ಚೆಲುವಿ," ಅಂದ ಹೊಳಿಯಪ್ಪ. "ಜರಾ ಸರಿಯೋ ಅಜ್ಜಪ್ಪ, ಅದಕ್ಕೂ ಜಾಗಾ ಬೇಕು."

ಅಜ್ಜಪ್ಪ ಸರಿದು ಕೂತ.

ಓದುವವರೇ, ಕೇಳುವವರೇ, ಚೆಲುವಿ ಆಮೇಲೆ ಕಳ್ಳನನ್ನು ಹಿಡಿಯಲಿಲ್ಲ. ಯಾರ ಪ್ರಾಣವನ್ನೂ ಉಳಿಸಲಿಲ್ಲ. ರೊಟ್ಟಿ ತಿಂದು ಬಿಸಿಲಿಗೆ ಮಲಗುತ್ತದೆ, ಕರೆದರೆ ಬರುತ್ತದೆ. ಬದುಕಲು ಅಷ್ಟು ಸಾಲದೇ? ಉಪಯೋಗವಿದ್ದರೆ ಮಾತ್ರ ಅನ್ನ ಎಂದು ದೇವರು ನಮಗಾದರೂ ಹೇಳಿದ್ದಾನೆಯೇ?

ನಾಯಿ ಸಾಕುವ ಮನಸ್ಸಿದ್ದರೆ ಆಸರೆಮನೆಗೆ ಹೋಗಿ, ಯಾರೂ ಒಲ್ಲದ ನಾಯಿಯನ್ನು ಮೊದಲು ಕೇಳಿರಿ. ಕುರುಡು ಅಂಟುವುದಿಲ್ಲ, ಕುರುಡು ಎಂದರೆ ಹುಚ್ಚೂ ಅಲ್ಲ. ಲಸಿಕೆ ಹಾಕಿಸಿರಿ, ಕಣ್ಣಲ್ಲಿ ನೀರು ಸುರಿಯುವ ನಾಯಿ ಕಂಡರೆ ತಡಮಾಡದೆ ದನದ ದವಾಖಾನೆಗೆ ಒಯ್ಯಿರಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ತೊಳೆದು, ಅಂದೇ ವೈದ್ಯರನ್ನು ಕಾಣಿರಿ. ಓಣಿಯವರು ನಗುತ್ತಾರೆ. ನಗಲಿ. ಬಡಿಗೆ ಹಿಡಿದು ಬಂದರೆ ನೀವು ಬಾಗಿಲಲ್ಲಿ ನಿಲ್ಲಿರಿ, ಹಿಂದೆ ಸರಿಯಬೇಡಿರಿ.