ಹೂ ಮುಡಿದ ಡ್ರಾಪ್ ಆರ್ಮ್

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಕಡಬದಲ್ಲಿ ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಕಬ್ಬಿಣದ ಜೊತೆ ಏಗುವವಳಿಗೆ ಸ್ವಲ್ಪ ಬಿಸಿ ಇರಲೇಬೇಕು. ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಈಗ ಕಾರಿಗೆ ಜಾಗವಿಲ್ಲ. ಗಂಡ ರೂಪೇಶನ ಕಾರು ಅಂಗಳದಲ್ಲಿ ಬಿಸಿಲು ಕಾಯುತ್ತದೆ, ಒಳಗೆ ನನ್ನ ವೆಲ್ಡಿಂಗ್ ಮೆಷಿನ್, ಗ್ರೈಂಡರ್, ಇದ್ದಿಲ ಒಲೆ ಆರಾಮವಾಗಿ ಕೂತಿವೆ. ಹಳೆಯ ಜೀಪು ಕೊಂಡು, ಟಾಪು ಕತ್ತರಿಸಿ, ಬಾನೆಟ್ ಉದ್ದ ಮಾಡಿ, ಯಾವುದೋ ದೊಡ್ಡ ಗಾಡಿಯ ಇಂಜಿನ್ ಕೂರಿಸಿ ಮೆರೆಯುವ ಹುಚ್ಚು ನಮ್ಮ ಕಡೆಯ ಹುಡುಗರಿಗೆ ಹತ್ತಿದೆ. ಅಂಥ ಗಾಡಿಗೆ ಅಂಗಡಿಯಲ್ಲಿ ಸಿಗುವ ಸಾಮಾನು ಯಾವುದೂ ಹೊಂದುವುದಿಲ್ಲ, ಎಲ್ಲ ಕೈಯಲ್ಲೇ ಆಗಬೇಕು. ಹಾಗೆ ಕೈಯಲ್ಲಿ ಮಾಡಿ ಕೊಡುವವಳು ನಾನು, ಭವಿತಾ.

ಶುರುವಿನಲ್ಲಿ ಹೆಂಗಸು ಸುತ್ತಿಗೆ ಹಿಡಿಯುವುದಾ ಎಂದು ಕೆಲವರು ನಕ್ಕರು. ಆಗ ಅವರ ಬಾಯಿ ಮುಚ್ಚಿಸಿದ್ದು ನನ್ನ ಅತ್ತೆ ಸೇವಂತಿ. ಒಲೆಯ ಮುಂದೆ ಹೆಂಗಸು ಕೂತರೆ ಯಾರೂ ನಗುವುದಿಲ್ಲವಲ್ಲ, ಇದೂ ಒಲೆಯೇ ಎಂದು ಹೇಳಿ ಕಳಿಸಿದ್ದರು. ಅತ್ತೆಗೆ ನನ್ನ ಕೆಲಸದ ತಲೆಬುಡ ಗೊತ್ತಿಲ್ಲ, ಆದರೆ ಶೆಡ್ಡಿನ ಮೇಲೆ ಅಭಿಮಾನ ಬಹಳ. ದಿನಾ ಗುಡಿಸುತ್ತಾರೆ. ಗುಡಿಸಬೇಡಿ, ಸಣ್ಣ ನಟ್ಟುಗಳೆಲ್ಲ ಕಸದ ಜೊತೆ ಹೋಗುತ್ತವೆ ಎಂದು ನಾನು ದಿನಾ ಜಗಳ ಮಾಡುತ್ತೇನೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಎರಡು ಕಾಲವೂ ಒಟ್ಟಿಗೇ ನಡೆಯುತ್ತದೆ.

ಈ ಸಲ ನವರಾತ್ರಿಯ ಮೊದಲು ನೆಲ್ಯಾಡಿಯ ದಿಶಾಂತ್ ಬಂದ. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ. ಅವನ ಜೀಪಿನಲ್ಲಿ ಹೊಸ ಇಂಜಿನ್ ಎಷ್ಟು ಜಾಗ ತಿಂದಿತ್ತು ಎಂದರೆ ಡ್ರಾಪ್ ಆರ್ಮ್ ಅದಕ್ಕೆ ತಾಗುತ್ತಿತ್ತು. ಡ್ರಾಪ್ ಆರ್ಮ್ ಎಂದರೆ ಸ್ಟೇರಿಂಗಿನ ಬುಡದಿಂದ ಕೆಳಗೆ ಇಳಿಯುವ ಗೇಣುದ್ದದ ಕಬ್ಬಿಣದ ತೋಳು. ನಾವು ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವುದು ಅದೇ. ಅದು ತುಂಡಾದರೆ ಕೈಯಲ್ಲಿ ಸ್ಟೇರಿಂಗ್ ಸುಮ್ಮನೆ ಗಿರಗಿರ ತಿರುಗುತ್ತದೆ, ಗಾಡಿ ತನಗೆ ಬೇಕಾದ ಕಡೆ ಹೋಗುತ್ತದೆ. ಅದಕ್ಕೇ ಆ ಕೆಲಸ ಒಪ್ಪಿಕೊಳ್ಳಲು ನಾನು ತುಂಬ ಹಿಂದೆಮುಂದೆ ನೋಡಿದೆ. ಅಕ್ಕ, ನೀವಲ್ಲದಿದ್ದರೆ ಬೇರೆ ಯಾರು ಎಂದು ಅವನು ಕೂತುಬಿಟ್ಟ. ಹೊಗಳಿದರೆ ನಾನು ಕರಗುತ್ತೇನೆ, ಅದು ಅವನಿಗೆ ಗೊತ್ತು.

ಲಾರಿಯ ಹಳೆಯ ಆಕ್ಸಲಿನ ಉಕ್ಕು ತಂದು, ಕಾಯಿಸಿ, ಬಡಿದು, ಬಗ್ಗಿಸಿ ಒಂದು ತೋಳು ಮಾಡಿದೆ. ನೋಡಲು ಚೆಂದ ಬಂತು. ಆದರೆ ಉಕ್ಕಿನ ವಿಷಯದಲ್ಲಿ ಕಣ್ಣನ್ನು ನಂಬಬಾರದು. ಡೀಸೆಲ್ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆ. ಎಲ್ಲಾದರೂ ಬಿರುಕು ಇದ್ದರೆ ಒಳಗೆ ಕೂತ ಡೀಸೆಲ್ ನಿಧಾನವಾಗಿ ಪುಡಿಗೆ ಹತ್ತಿ ಗೆರೆ ಮೂಡುತ್ತದೆ. ಬಾಗಿದ ಜಾಗದಲ್ಲೇ ಕೂದಲಿನಂಥ ಗೆರೆ ಮೂಡಿತು. ಬಿಸಿ ಹೆಚ್ಚಾಯಿತೋ, ತಣಿಸುವಾಗ ಅವಸರವಾಯಿತೋ, ಅಂತೂ ತೋಳು ಕೆಟ್ಟಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ತಪ್ಪು ಗುರುತು ಹಾಕಿದೆ. ಅಳತೆಗೆ ಅದನ್ನೇ ಎದುರಿಗಿಟ್ಟುಕೊಂಡು ಎರಡನೆಯದನ್ನು ಮಾಡಿದೆ. ಅದರಲ್ಲಿ ಗೆರೆ ಮೂಡಲಿಲ್ಲ.

ಕೆಟ್ಟ ತೋಳನ್ನು ಆಗಲೇ ಕತ್ತರಿಸಿ ಎರಡು ತುಂಡು ಮಾಡಬೇಕು, ಅದು ನನ್ನ ನಿಯಮ. ಗ್ರೈಂಡರ್ ಹುಡುಕಿದರೆ ಇಲ್ಲ. ಅತ್ತೆ ಆಯುಧ ಪೂಜೆಗೆಂದು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣೆಯ ಮೇಲೆ ಇಟ್ಟು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಆಗಿತ್ತು. ಪೂಜೆಗೆ ತೆಗೆದಿಟ್ಟದ್ದನ್ನು ಮುಟ್ಟಬಾರದು, ಪೂಜೆಯ ಮರುದಿನ ದೀಪ ಹಚ್ಚಿದ ಮೇಲೆಯೇ ಎತ್ತುವುದು ಎಂದರು. ಸರಿ ಎಂದು ಸುಮ್ಮನಾದೆ. ಮರುದಿನ ಬೆಳಿಗ್ಗೆ ಪೂಜೆಯನ್ನು ಅತ್ತೆಗೆ ಬಿಟ್ಟು ನಾನೂ ರೂಪೇಶನೂ ಕೊಯಿಲದ ನನ್ನ ತವರಿಗೆ ಹೋದೆವು. ಅಲ್ಲಿ ಅಪ್ಪನ ಅಕ್ಕಿ ಮಿಲ್ಲಿಗೂ ಪೂಜೆ ಇತ್ತು, ರಾತ್ರಿ ಅಲ್ಲೇ ಉಳಿದೆವು.

ವಿಜಯದಶಮಿಯ ಬೆಳಿಗ್ಗೆ ಮನೆಗೆ ಬಂದವಳು ಚಹಾ ಕುಡಿಯುವ ಮೊದಲೇ ಶೆಡ್ಡಿಗೆ ಹೋದೆ. ಮಣೆಯ ಮೇಲೆ ಸುತ್ತಿಗೆ, ಇಕ್ಕುಳ, ಫೈಲು ಎಲ್ಲ ಗಂಧ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಹೂ ಮುಡಿದು ಮದುಮಕ್ಕಳ ಹಾಗೆ ಕೂತಿದ್ದವು. ಅವುಗಳ ನಡುವೆ ಡ್ರಾಪ್ ಆರ್ಮ್ ಒಂದೇ ಇತ್ತು. ಇನ್ನೊಂದು ಎಲ್ಲಿ ಎಂದು ಕೇಳಿದೆ. ಅತ್ತೆ ಸಂಭ್ರಮದಿಂದ ಹೇಳಿದರು:

"ನಿನ್ನೆ ಸಂಜೆ ದಿಶಾಂತ್ ಬಂದಿದ್ದ. ಒಳ್ಳೆಯ ದಿನ ಅಲ್ಲವಾ, ನಾನೇ ಎತ್ತಿ ಕೊಟ್ಟೆ. ಇವತ್ತು ಹೆಂಡತಿಯನ್ನು ಕೂರಿಸಿಕೊಂಡು ಬಿಸಿಲೆ ಘಾಟಿಗೆ ಹೋಗುದಂತೆ."

ಉಳಿದದ್ದನ್ನು ಎತ್ತಿ ನೋಡಿದೆ. ಮೈಮೇಲೆ ಯಾವ ಗುರುತೂ ಇಲ್ಲ. ಸೀಮೆಸುಣ್ಣದ ಗುರುತು ಎಲ್ಲಿ ಎಂದೆ. ಯಾವ ಗುರುತು, ಒಂದಕ್ಕೆ ಬಿಳಿ ಕೊಳೆ ಹಿಡಿದಿತ್ತು, ಎರಡನ್ನೂ ಹುಣಸೆಹುಳಿ ಹಾಕಿ ಚೆನ್ನಾಗಿ ತಿಕ್ಕಿ ತೊಳೆದೆ ಎಂದರು. ಡೀಸೆಲ್ ತಂದು ಸವರಿದೆ, ಕಾದೆ, ಒರೆಸಿದೆ, ಪುಡಿ ಉದುರಿಸಿದೆ. ಗೆರೆ ಮೂಡಪ್ಪಾ, ಮೂಡಪ್ಪಾ ಎಂದು ನಾನು ಕಬ್ಬಿಣವನ್ನು ಬೇಡಿಕೊಂಡದ್ದು ಅದೇ ಮೊದಲು. ಪುಡಿ ಬೆಳ್ಳಗೆ ಹಾಗೆಯೇ ಉಳಿಯಿತು. ಒಳ್ಳೆಯ ತೋಳು ನಮ್ಮ ಮನೆಯಲ್ಲಿತ್ತು, ಬಿರುಕು ಬಿಟ್ಟದ್ದು ಘಾಟಿಯ ದಾರಿಯಲ್ಲಿ.

ದಿಶಾಂತನಿಗೆ ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಅದೇ ಹೆಂಗಸಿನ ಧ್ವನಿ. ಮತ್ತೆ ಮಾಡಿದೆ, ಮತ್ತೆ ಅದೇ. ರೂಪೇಶ ಬೈಕು ಹತ್ತಿ ಕುಳ್ಕುಂದದ ಕಡೆಗೆ ಹೊರಟ, ಬಿಸಿಲೆಗೆ ಹೋಗುವ ಗಾಡಿ ಅಲ್ಲಿ ಹಾದೇ ಹೋಗಬೇಕು. ಒಂದು ವೇಳೆ ಇನ್ನೂ ಹೊರಟಿರದಿದ್ದರೆ ಎಂದು ನಾನು ಸ್ಕೂಟರ್ ತೆಗೆದು ನೆಲ್ಯಾಡಿಗೆ ಹೊರಟೆ. ಅತ್ತೆಗೆ ವಿಷಯ ಅಷ್ಟರಲ್ಲಿ ಅರ್ಥವಾಗಿತ್ತು. ಬಾ ಎಂದು ಯಾರೂ ಕರೆಯಲಿಲ್ಲ, ಅವರೇ ಬಂದು ಹಿಂದೆ ಕೂತರು. ಉಟ್ಟ ಸೀರೆಯಲ್ಲೇ, ಕೈಯಲ್ಲಿ ಹುಣಸೆಯ ಕಲೆ ಇದ್ದ ಹಾಗೆಯೇ ಕೂತರು.

ದಾರಿಯಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಎಂಥೆಂಥದಕ್ಕೋ ಅರಚುವವಳು ನಾನು. ಒಗ್ಗರಣೆ ಸೀದರೆ ಬೈಯುತ್ತೇನೆ, ನಟ್ಟು ಕಾಣದಿದ್ದರೆ ಬೈಯುತ್ತೇನೆ. ಆ ದಿನ ಬಾಯಿ ತೆರೆದರೆ ಏನು ಬರುತ್ತದೋ ಎಂಬ ಹೆದರಿಕೆ. ತಲೆಯಲ್ಲಿ ಬೇರೇನೋ ಓಡುತ್ತಿತ್ತು. ಘಾಟಿಯ ತಿರುವು, ಕೆಳಗೆ ಕಾಡು, ಜೀಪಿನಲ್ಲಿ ಬಾಗಿಲೂ ಇಲ್ಲ, ಅದನ್ನು ಕತ್ತರಿಸಿ ತೆಗೆದದ್ದೂ ನಾನೇ. ಅವನ ಹೆಂಡತಿ ಪ್ರೀತಿಕಾ ಒಮ್ಮೆ ನಮ್ಮ ಮನೆಗೆ ಬಂದು ಶೆಡ್ಡನ್ನೆಲ್ಲ ನೋಡಿ, ನನಗೂ ವೆಲ್ಡಿಂಗ್ ಕಲಿಸುತ್ತೀರಾ ಎಂದು ಕೇಳಿದ್ದಳು. ಆ ಹುಡುಗಿಯ ಮುಖವೇ ಕಣ್ಣೆದುರು ಬರುತ್ತಿತ್ತು. ಇಚಿಲಂಪಾಡಿಯ ಸೇತುವೆ ದಾಟುವಾಗ ಅತ್ತೆ ನನ್ನ ಹೆಗಲ ಮೇಲಿದ್ದ ಕೈ ತೆಗೆದು ಸ್ಕೂಟರಿನ ಹಿಂದಿನ ಕಂಬಿ ಹಿಡಿದುಕೊಂಡರು. ಅದು ಗೊತ್ತಾದರೂ ನಾನು ತಿರುಗಿ ನೋಡಲಿಲ್ಲ.

ದಿಶಾಂತನ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ, ರಬ್ಬರ್ ತೋಟದ ಬದಿಯಲ್ಲಿ. ಅಂಗಳಕ್ಕೆ ಗಾಡಿ ಇಳಿಸಿ ನೋಡಿದರೆ ಜೀಪು ಯಾವಾಗಲೂ ನಿಲ್ಲುವ ಜಾಗ ಖಾಲಿ. ಅವನ ತಾಯಿ ಊರ್ಮಿಳಕ್ಕ ರಬ್ಬರ್ ಶೀಟು ಒಣಹಾಕುತ್ತಿದ್ದವರು ನಗುತ್ತಾ ಬಂದರು. ದಿಶಾಂತ್ ಎಲ್ಲಿ ಎಂದೆ. ಬಿಸಿಲೆಗೆ, ಬೆಳಿಗ್ಗೆಯೇ ಇಬ್ಬರೂ ಹೊರಟರು ಎಂದರು. ಜಗಲಿಯ ಕಂಬ ಹಿಡಿದು ನಿಂತೆ. ಹೇಳಬೇಕು, ತಾಯಿಗೆ ಹೇಳಲೇಬೇಕು, ಆದರೆ ಮೊದಲ ಮಾತು ಯಾವುದು ಎಂದು ಹುಡುಕುತ್ತಿದ್ದೆ. ಅತ್ತೆ ನನ್ನ ಹಿಂದೆ ಅಂಗಳದಲ್ಲೇ ಕುಕ್ಕರಿಸಿದರು.

ನಮ್ಮ ಮುಖ ನೋಡದೆ ಊರ್ಮಿಳಕ್ಕ ಮಗನ ಮೇಲೆ ದೂರು ಶುರು ಮಾಡಿದರು. ನಿನ್ನೆ ಸಂಜೆಯಿಂದ ಮುಖ ಊದಿಸಿಕೊಂಡಿದ್ದಾನಂತೆ. ಹೋಗುವಾಗ ತಾಯಿಗೆ ಬರುತ್ತೇನೆ ಎಂದೂ ಹೇಳಲಿಲ್ಲವಂತೆ.

"ಪೂಜೆಗೆ ಇಟ್ಟ ಸ್ಪ್ಯಾನರ್ ಅವತ್ತೇ ಎತ್ತುದುಂಟಾ? ನಾನು ಬಿಡಲಿಲ್ಲ. ಬೆಳಿಗ್ಗೆ ದೀಪ ಇಟ್ಟ ಮೇಲೆ ಎತ್ತು ಮಾರಾಯ ಅಂದೆ. ಅಷ್ಟು ಹೊತ್ತು ಕಾಯ್ಲಿಕ್ಕಿಲ್ಲ ಅಂತ ಬಸ್ಸಿಗೆ ಹೋದ."

ಬಸ್ಸಿಗಾ ಎಂದು ಕೇಳಿದ ಧ್ವನಿ ನನ್ನದೋ ಅತ್ತೆಯದೋ ಗೊತ್ತಿಲ್ಲ. ಬಸ್ಸಿಗೆ, ಬಸ್ಸಿಗೆ ಎಂದರು ಊರ್ಮಿಳಕ್ಕ. ಜೀಪು ಮನೆಯ ಹಿಂದೆ ಟರ್ಪಾಲಿನ ಕೆಳಗೆ ಇತ್ತು. ಓಡಿಹೋಗಿ ನೋಡಿದೆ. ಮುಂದಿನ ಚಕ್ರ ಬಿಚ್ಚಿ, ಮರದ ದಿಮ್ಮಿಯ ಮೇಲೆ ನಿಲ್ಲಿಸಿದ್ದ ಜೀಪು. ಅತ್ತೆ ಕೊಟ್ಟ ತೋಳು ದೇವರ ಕೋಣೆಯಲ್ಲಿ, ಅವನ ಸ್ಪ್ಯಾನರುಗಳ ಪಕ್ಕದಲ್ಲಿ ಇತ್ತು. ನಮ್ಮ ಮನೆಯ ಸೇವಂತಿಗೆಯ ಮೇಲೆ ಅವರ ಮನೆಯ ಮಲ್ಲಿಗೆಯನ್ನೂ ಮುಡಿದುಕೊಂಡು ಕೂತಿತ್ತು. ಹೋದ ಜೀವ ಬಂತು. ಅಷ್ಟು ಜೋರಾಗಿ ಬಂತು ಎಂದರೆ ನಾನು ದೇವರ ಕೋಣೆಯ ಹೊಸ್ತಿಲ ಮೇಲೆಯೇ ಕೂತುಬಿಟ್ಟೆ, ಹೊಸ್ತಿಲ ಮೇಲೆ ಕೂರಬಾರದು ಎಂದು ಯಾರೂ ಹೇಳಲಿಲ್ಲ.

ಆಮೇಲೆ ಊರ್ಮಿಳಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ನಂಬಲಿಲ್ಲ, ಇಷ್ಟು ಗಟ್ಟಿ ಕಬ್ಬಿಣ ಎಂದು ತಟ್ಟಿ ನೋಡಿದರು. ಅವರ ಅಂಗಳದಲ್ಲೇ ಡೀಸೆಲ್ ಸವರಿ, ಒರೆಸಿ, ಪುಡಿ ಉದುರಿಸಿದೆ. ಮೂವರೂ ಬಗ್ಗಿ ನೋಡುತ್ತಾ ನಿಂತೆವು. ಬಾಗಿದ ಜಾಗದಲ್ಲಿ ಗೆರೆ ಮೆಲ್ಲನೆ ಮೂಡಿತು. ಊರ್ಮಿಳಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡರು. ನನಗೆ ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ಕಾದೆ. ಅವರು ಒಳಗೆ ಹೋದರು, ದೇವರಿಗೆ ದೀಪ ಹಚ್ಚಿದರು, ಪೂಜೆಗಿಟ್ಟ ಮಗನ ಗ್ರೈಂಡರನ್ನು ಎತ್ತಿ ತಂದು ನನ್ನ ಕೈಗೆ ಕೊಟ್ಟರು. ಕಿಡಿ ಹಾರಿಸುತ್ತಾ ಆ ತೋಳನ್ನು ಎರಡು ತುಂಡು ಮಾಡಿದೆ. ಒಳ್ಳೆಯದನ್ನು ನಾನೇ ನಾಳೆ ಬಂದು ಕೂರಿಸಿ, ನಾನೇ ಮೊದಲು ಓಡಿಸಿ ನೋಡಿ ಕೊಡುತ್ತೇನೆ ಎಂದೆ. ಆಗಲಿ ಎಂದರು.

ರೂಪೇಶನಿಗೆ ಫೋನ್ ಮಾಡಿದರೆ ಪಾಪ, ಕುಳ್ಕುಂದದಲ್ಲಿ ಕಂಡ ಕಂಡ ಜೀಪಿಗೆಲ್ಲ ಅಡ್ಡ ನಿಂತು ಬೈಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ದಿಶಾಂತನೇ ಫೋನ್ ಮಾಡಿದ. ಅಷ್ಟು ಮಿಸ್ ಕಾಲ್ ಯಾಕೆ, ಎಂತ ಆಯಿತು ಎಂದು ಕೇಳಲೂ ಬಿಡುವಿಲ್ಲದೆ ಗೊಣಗಿದ. ಬಸ್ಸಿನಲ್ಲಿ ಸೀಟು ಇರಲಿಲ್ಲವಂತೆ, ನಿಂತೇ ಹೋದದ್ದಂತೆ, ಪ್ರೀತಿಕಾ ವಾಂತಿ ಮಾಡಿಕೊಂಡಳಂತೆ, ಎಲ್ಲ ಅಮ್ಮನ ಶಾಸ್ತ್ರದಿಂದ ಆದದ್ದಂತೆ. ಅವನ ಗೊಣಗಾಟ ಎಷ್ಟು ಹಿತವಾಗಿತ್ತು ಎಂದರೆ ನಾನು ಹೂಂಗುಟ್ಟುತ್ತಾ ಕೇಳಿಯೇ ಕೇಳಿದೆ. ಇನ್ನೂ ಸ್ವಲ್ಪ ಬೈಯಲಿ, ಜೀವಂತ ಇರುವವರ ಬಾಯಿಂದ ಬರುವ ಮಾತು ಎಂದು ಮನಸ್ಸು ತುಂಬಿ ಬಂತು. ವಿಷಯವನ್ನು ಅವನಿಗೆ ಮನೆಗೆ ಬಂದ ಮೇಲೆ ಹೇಳುವುದು ಎಂದು ಊರ್ಮಿಳಕ್ಕನೂ ನಾನೂ ಕಣ್ಣಲ್ಲೇ ಮಾತಾಡಿಕೊಂಡೆವು.

ಊರ್ಮಿಳಕ್ಕ ಚಹಾ ತರಲು ಒಳಗೆ ಹೋದರು. ಜಗಲಿಯಲ್ಲಿ ನಾನೂ ಅತ್ತೆಯೂ ಇಬ್ಬರೇ ಉಳಿದೆವು. ಅತ್ತೆ ಮನೆಯಿಂದ ಹೊರಟ ಮೇಲೆ ಆಗಲೇ ಮೊದಲು ನನ್ನ ಮುಖ ನೋಡಿದ್ದು.

"ಇನ್ನಾದರೂ ಬೈಯಿ ಮಗಾ," ಎಂದರು.

ಬೈದೆ. ಅಮ್ಮಾ, ಎಂಥ ಬೈಗುಳ ಅದು. ಗುಡಿಸಿದ್ದಕ್ಕೆ ಬೈದೆ, ತೊಳೆದದ್ದಕ್ಕೆ ಬೈದೆ, ಹುಣಸೆಹುಳಿಗೆ ಬೈದೆ. ಪೂಜೆಗಿಟ್ಟ ಗ್ರೈಂಡರ್ ನನಗೆ ಮುಟ್ಟಲು ಬಿಡದವರು ಅದೇ ಪೂಜೆಯ ಕಬ್ಬಿಣವನ್ನು ಊರವರಿಗೆ ಎತ್ತಿ ಕೊಟ್ಟದ್ದು ಯಾವ ಶಾಸ್ತ್ರ ಎಂದು ಕೇಳಿದೆ. ಕಳೆದ ವರ್ಷ ಕಳೆದುಹೋದ ನಟ್ಟುಗಳನ್ನೂ ಬಿಡಲಿಲ್ಲ. ಅತ್ತೆ ಹೌದು, ಹೌದು ಎಂದು ತಲೆಯಾಡಿಸುತ್ತಾ ಗೋಡೆಗೆ ಒರಗಿ ಕೂತರು, ಕಾಲು ನೀಡಿದರು. ಒಳಗಿನಿಂದ ಚಹಾ ತಂದ ಊರ್ಮಿಳಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ನಾನು ಉಸಿರು ಎಳೆದುಕೊಳ್ಳಲು ನಿಲ್ಲಿಸಿದಾಗ ನೋಡಿದರೆ ಅತ್ತೆಯ ಕಣ್ಣಿನಿಂದ ಧಾರಾಕಾರ ನೀರು, ಬಾಯಲ್ಲಿ ನಗು.

ನಗುವುದಾ ಇದು ಎಂದು ಕೇಳಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಅಷ್ಟು ದೂರ ನೀನು ಒಂದು ಮಾತೂ ಬೈಯಲಿಲ್ಲ. ಆ ಮಕ್ಕಳು ಸತ್ತೇ ಹೋದರು ಅಂತ ಗ್ರಹಿಸಿದೆ."