ಹೊಲಿಗೆ ಹೊರಗಿರುವ ಅಂಗಿ

ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದ ಟೈಲರಮ್ಮನ ಆಟ ಮೂರು ದಿನದ ಮೊಮ್ಮಗಳ ಮುಂದೆ ನಡೆಯಲಿಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಮಗು ಕಿರ್ರೋ ಅಂತ ಅಳುತ್ತಿತ್ತು. ಕೈಕಾಲು ನಡುಗುತ್ತಿದ್ದವು. ಕುಡಿದ ಹಾಲೆಲ್ಲ ಕಕ್ಕುತ್ತಿತ್ತು. ಟೈಲರಮ್ಮ ಟ್ಯೂಬ್‌ಲೈಟಿನ ಕೆಳಗೆ ನಿಂತು ಗಿಲಕಿ ಆಡಿಸಿದಳು, ಎತ್ತಿ ಕುಣಿಸಿದಳು. ಅಳು ಇನ್ನೂ ಜೋರಾಯಿತು.

ಮಂಚದ ಮೇಲಿದ್ದ ಮಗಳು ಕೈ ಚಾಚಿದಳು. "ಅಮ್ಮಾ, ಸ್ವಲ್ಪ ನನ್ನ ಕೈಗೆ ಕೊಡೇ."

"ನೀನು ಮಾಡಿದ್ದೇ ಸಾಕು! ಇವಳನ್ನ ನಾನೇ ಕರ್ಕೊಂಡು ಹೋಗಿ ಸಾಕ್ತೀನಿ. ನೀನು ಎಲ್ಲಿಗಾದ್ರೂ ಹೋಗು."

ಮಗಳು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸದವಳು. ಬೆನ್ನು ಹಿಡಿದಾಗ ಯಾರೋ ಕೊಟ್ಟ ನೋವಿನ ಮಾತ್ರೆ ನುಂಗಿದಳು. ನೋವು ಹೋಯಿತು, ಮಾತ್ರೆ ಬಿಡಲಾಗಲಿಲ್ಲ. ಬಸಿರಾದ ಮೇಲೆ ತಾನಾಗಿಯೇ ಡಾಕ್ಟರ ಹತ್ತಿರ ಹೇಳಿಕೊಂಡು, ಅವರು ಬರೆದ ಔಷಧಿ ತಪ್ಪದೆ ತೆಗೆದುಕೊಂಡಳು. ಹೆತ್ತವಳಿಗೆ ಹೇಳಲು ಮಾತ್ರ ಧೈರ್ಯ ಸಾಲಲಿಲ್ಲ. ಟೈಲರಮ್ಮನಿಗೆ ಗೊತ್ತಾಗಿದ್ದು ನಿನ್ನೆ. ಆ ಔಷಧಿಯನ್ನೂ ಕಿತ್ತುಕೊಂಡು, ಟೇಪು ಸೀಮೆಸುಣ್ಣದ ಜೊತೆ ಸೊಂಟದ ಚೀಲದಲ್ಲಿ ಇಟ್ಟುಕೊಂಡಿದ್ದಳು.

ನರ್ಸಕ್ಕ ಬಂದವಳೇ, ಬೆಳಕು ಗದ್ದಲ ಈ ಮಗುವಿಗೆ ತಡೆಯಲ್ಲ ಅಂತ ಲೈಟು ಆರಿಸಿದಳು. "ಬೆಳಗಿನ ಔಷಧಿ ಆಯ್ತೇನಮ್ಮಾ?"

ಮಗಳು ತಾಯಿಯ ಮುಖ ನೋಡಿದಳು.

"ನನ್ನ ಹತ್ರ ಇದೆ, ಕೊಡಲ್ಲ," ಅಂದಳು ಟೈಲರಮ್ಮ. "ಮಾತ್ರೆಯಿಂದಲೇ ಮನೆ ಹಾಳಾಯ್ತು."

"ಅಯ್ಯೋ, ಇದು ಚಟ ಬಿಡಿಸೋ ಔಷಧಿ! ಏಕಾಏಕಿ ನಿಲ್ಲಿಸಿದ್ರೆ ಇವಳ ಜೀವಕ್ಕೇ ಕುತ್ತು. ಇದನ್ನ ತಗೊಂಡೇ ಹಾಲು ಕುಡಿಸಬಹುದು ಅಂತ ಡಾಕ್ಟರೇ ಹೇಳಿದ್ದಾರೆ."

"ಮತ್ತೆ ಮಗು ಯಾಕೆ ಹೀಗೆ ನಡುಗತ್ತೆ?"

"ಹೊಟ್ಟೇಲಿದ್ದಾಗ ಬರ್ತಿದ್ದ ಔಷಧಿ ಹುಟ್ಟಿದ ಮೇಲೆ ನಿಂತು ಹೋಯ್ತಲ್ಲ, ಅದಕ್ಕೆ. ದಿನ ಕಳೆದ ಹಾಗೆ ಕಡಿಮೆ ಆಗತ್ತೆ. ಇವಳು ಮುಚ್ಚಿಡದೆ ಹೇಳಿದ್ದಕ್ಕೇ ನಾವು ಮೊದಲಿಂದ ಕಣ್ಣಿಟ್ಟು ನೋಡ್ತಿದ್ದೀವಿ. ಬೇಕಾದ್ರೆ ಮಗೂಗೂ ಔಷಧಿ ಕೊಡ್ತೀವಿ. ಅದಕ್ಕಿಂತ ಮೊದಲು ಅಮ್ಮ ಬೇಕು." ನರ್ಸಕ್ಕ ಮಗುವಿನ ಲೇಸಿನ ಅಂಗಿ ನೋಡಿದಳು. "ಇದನ್ನ ಹೊಲಿದಿದ್ದು ಯಾರು?"

"ನಾನೇ!" ಟೈಲರಮ್ಮ ಬೀಗಿದಳು.

"ಬಹಳ ಚೆನ್ನಾಗಿದೆ. ಬಿಚ್ಚಿ."

ಬಿಚ್ಚಿದರೆ, ಕಂಕುಳ ಕೆಳಗೆ ಹೊಲಿಗೆ ಉಜ್ಜಿ ಕೆಂಪು ಗೆರೆ ಬಿದ್ದಿತ್ತು. ಟೈಲರಮ್ಮ ರಾತ್ರಿ ಹಗಲು ಕೂತು ಪ್ರೀತಿಯಿಂದ ಹೊಲಿದ ಅಂಗಿ ಅದು. ಬೇಕೂಂತ ಯಾರು ಮಗುವಿಗೆ ನೋವು ಕೊಡುತ್ತಾರೆ? ಸೊಂಟದ ಚೀಲಕ್ಕೆ ಕೈ ಹಾಕಿ ಔಷಧಿ ತೆಗೆದು ಮಗಳ ಕೈಗಿಟ್ಟಳು. ಆಮೇಲೆ ಮಗುವನ್ನೂ ಕೊಟ್ಟಳು.

"ನನ್ನ ಹೊಲಿಗೇನೂ ಚುಚ್ಚಿತಲ್ಲೇ," ಅಂದಳು. ಕಣ್ಣು ತುಂಬಿ ಬಂದಿತ್ತು.

ಮಗಳು ಮಗುವನ್ನು ಬರಿಮೈಯಲ್ಲೇ ಎದೆಗೆ ಅವಚಿಕೊಂಡಳು. ನರ್ಸಕ್ಕ ಮೆತ್ತನೆಯ ಬಟ್ಟೆ ಹೊದಿಸಿ ಪಿಸುಗುಟ್ಟಿದಳು: "ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಹಾಲು ಕೊಡು. ನಿನಗೆ ತೂಕಡಿಕೆ ಬಂದ್ರೆ ತೊಟ್ಟಿಲಲ್ಲಿ ಅಂಗಾತ ಮಲಗಿಸು." ಅಳು ಒಮ್ಮೆಲೇ ನಿಲ್ಲಲಿಲ್ಲ. ಬಿಕ್ಕಿ ಬಿಕ್ಕಿ, ನಿಧಾನಕ್ಕೆ ಇಳಿಯಿತು.

ಎರಡು ವಾರಕ್ಕೆ ಮೂವರೂ ಒಟ್ಟಿಗೆ ಮನೆಗೆ ಹೋದರು. ಟೈಲರಮ್ಮ ಈಗ ಆ ಆಸ್ಪತ್ರೆಯ ಮಕ್ಕಳಿಗೆಂದೇ ಹಳೇ ಮೆತ್ತನೆ ಬಟ್ಟೆಯ ಅಂಗಿ ಹೊಲಿಯುತ್ತಾಳೆ, ಹೊಲಿಗೆಯೆಲ್ಲ ಹೊರಮೈಗೆ.

"ಏನ್ರೀ, ಉಲ್ಟಾ ಹೊಲಿದುಬಿಟ್ರಲ್ಲ!" ಅಂತ ಗಿರಾಕಿಗಳು ರೇಗಿಸುತ್ತಾರೆ.

"ನೋಡೋರಿಗಲ್ಲಪ್ಪ, ಹಾಕ್ಕೊಳ್ಳೋರಿಗೆ ಹೊಲಿದಿದ್ದು," ಅನ್ನುತ್ತಾಳೆ.

ಅಕ್ಕ ತಂಗಿಯರೇ, ಬಸಿರಲ್ಲಿ ಇಂಥ ಮಾತ್ರೆಯ ಅಭ್ಯಾಸವಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ. ಮಗು ಹಾಲು ಬಿಟ್ಟರೆ, ಜ್ವರ ಬಂದರೆ, ಸೆಟೆದುಕೊಂಡರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಮನೆಯವರೇ, ದೀಪ ಸಣ್ಣಗಿರಲಿ, ದನಿ ತಗ್ಗಿರಲಿ. ಬೈಗುಳ ಆಚೆಗಿಡಿ. ಮಗುವನ್ನು ಅಮ್ಮನ ಕೈಗೆ ಕೊಡಿ.